ನಿಂಬೆ ಮರದ ಕಿತ್ತಳೆ

"ನಿಂಬೆ ಮರದಲ್ಲಿ ಕಿತ್ತಳೆ ಹಣ್ಣು ಬಿಟ್ಟಿದೆ! ಈಗ ತಾನೇ ನೋಡ್ದೆ, ಕಣ್ಣಾರೆ!"

ಬುರುಡೆ ಹೀಗೆ ಕೂಗಿದ್ದೇ ತಡ, ಐದನೇ ಕ್ಲಾಸಿನ ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಅರಮನೆ ತೋಟದ ಕಲ್ಲುಹಾದಿಯಲ್ಲಿ ಕಾಳು ಹೆಕ್ಕುತ್ತಿದ್ದ ಪಾರಿವಾಳಗಳು ಬೆಚ್ಚಿ ಪಟಪಟನೆ ಹಾರಿಹೋದವು.

"ನಾಳೆ ಬದನೆ ಗಿಡದಲ್ಲಿ ಬಲ್ಬು ಬಿಡುತ್ತೆ, ಎಲ್ಲರೂ ಚೀಲ ತಗೊಂಡು ಬನ್ನಿ!" ಎಂದ ಲಂಬು. ಅವನು ಕ್ಲಾಸಿಗೇ ಎತ್ತರದ ಹುಡುಗ. ಬೇರೆಯವರನ್ನು ಗೋಳು ಹೊಯ್ದುಕೊಳ್ಳುವುದರಲ್ಲೂ ಎತ್ತಿದ ಕೈ.

"ಜೊತೆಗೆ ಸ್ವಿಚ್ಚೂ ಬಿಡುತ್ತಾ?" ಎಂದು ಇನ್ಯಾರೋ ಕೇಳಿದರು. ಮತ್ತೆ ನಗು.

ಮುಂದೆ ನಡೆಯುತ್ತಿದ್ದ ಗೈಡ್ ಅಂಕಲ್ ಕೂಡ ನಿಂತು ಮುಗುಳ್ನಕ್ಕರು. "ಪುಟ್ಟಾ, ಆ ಗೋಡೆ ಸಾಲಿನಲ್ಲಿ ಇರೋದೆಲ್ಲ ಬರೀ ನಿಂಬೆ. ರಾಣಿಯ ಕಾಲದಿಂದ್ಲೂ ಅಲ್ಲಿ ನಿಂಬೇನೇ ಬಿಟ್ಟಿರೋದು. ಕಿತ್ತಳೆ ಸಾಲು ಕಾರಂಜಿಯ ಆ ಕಡೆ ಇದೆ. ನೀನು ಅದನ್ನ ನೋಡಿರ್ತೀಯ."

"ಇಲ್ಲ ಅಂಕಲ್, ಗೋಡೆ ಹತ್ರಾನೇ! ಮೂಲೆ ಮರ. ಅದರ ಹಿಂದುಗಡೆ."

"ಹಿಂದುಗಡೆ? ಸಾಲು ಬಿಟ್ಟು ಅಲ್ಲಿಗೆ ಯಾಕೆ ಹೋಗಿದ್ದೆ ನೀನು?" ಎಂದು ಮಿಸ್ ಕೇಳಿದರು.

"ಶೂನಲ್ಲಿ ಕಲ್ಲು ಸೇರ್ಕೊಂಡಿತ್ತು ಮಿಸ್. ಮರಕ್ಕೂ ಗೋಡೆಗೂ ಮಧ್ಯೆ ನುಸುಳಿ, ಗೋಡೆಗೆ ಒರಗಿಕೊಂಡು ಶೂ ಬಿಚ್ಚಿದೆ. ತಲೆ ಎತ್ತಿದ್ರೆ ಕಿತ್ತಳೆ!"

"ಸರಿ ಸರಿ, ಮುಂದೆ ನಡಿ ಈಗ."

ಬುರುಡೆಯ ಕಣ್ಣು ನಗುವವರ ಮೇಲೆ ಇರಲಿಲ್ಲ. ಸಾಲಿನ ನಡುವೆ ಇದ್ದ ಬಿಕ್ಕುವನ್ನು ಹುಡುಕುತ್ತಿತ್ತು. ಬಿಕ್ಕು ಎಂದರೆ ಅವಳ ಪ್ರಾಣಸ್ನೇಹಿತೆ. ಅಂದರೆ, ಹೋದ ತಿಂಗಳವರೆಗೆ. ನಕ್ಕರೆ ಸಾಕು, ಬಿಕ್ಕಳಿಕೆ ಶುರುವಾಗುತ್ತದೆ ಎಂದು ಅವಳಿಗೆ ಆ ಹೆಸರು. ಈಗ ಬಿಕ್ಕು ನಗಲೂ ಇಲ್ಲ, ಬಿಕ್ಕಳಿಸಲೂ ಇಲ್ಲ. ಬುರುಡೆಯ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡು ಮುಂದೆ ನಡೆದುಬಿಟ್ಟಳು.

ಎಲ್ಲರ ಲೇವಡಿಗಿಂತ ಆ ಮುಖ ತಿರುಗಿಸಿದ್ದೇ ಬುರುಡೆಗೆ ಚುರುಕ್ಕೆಂದಿತು.

ಬುರುಡೆ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅದನ್ನು ಬೇರೆ ಹೇಳಬೇಕೆ! ಕ್ಲಾಸಿನವರು ಇಟ್ಟದ್ದು. ಸುಮ್ಮಸುಮ್ಮನೆ ಇಟ್ಟದ್ದೂ ಅಲ್ಲ. ಬುರುಡೆ ಬಿಡುವುದರಲ್ಲಿ ಅವಳನ್ನು ಮೀರಿಸುವವರು ಆ ಶಾಲೆಯಲ್ಲೇ ಇರಲಿಲ್ಲ. ಬೀದಿನಾಯಿ ಬೊಗಳಿದರೆ ಅವಳ ಬಾಯಲ್ಲಿ ಅದು ತೋಳವಾಗುತ್ತಿತ್ತು. ಮಂಡಿ ತರಚಿದರೆ ಸಾಕು, ಊರೆಲ್ಲ ಹೊಲಿಗೆ ಹಾಕಿಸಿಕೊಂಡ ಕತೆ. "ನಿನ್ನ ಬಾಯೊಳಗೆ ಇರುವೆ ಹೋದ್ರೆ ಆನೆಯಾಗಿ ಹೊರಗೆ ಬರುತ್ತಲ್ಲೇ!" ಎಂದು ಅವಳಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರು.

ಯಾರಿಗೂ ಕೇಡು ಮಾಡಬೇಕೆಂದು ಅವಳು ಹಾಗೆ ಹೇಳುತ್ತಿರಲಿಲ್ಲ, ಪಾಪ. ಕೇಳುವವರ ಕಣ್ಣು ಅರಳಿದರೆ ಅವಳಿಗೆ ಖುಷಿ. ಅಷ್ಟೇ.

ಆದರೆ ಹೋದ ತಿಂಗಳು ಆ ಖುಷಿಯೇ ಎಡವಟ್ಟು ಮಾಡಿತು. ಶಾಲೆಯ ನಾಟಕಕ್ಕೆ ಪಾರ್ಟು ಹಂಚುವ ಮೊದಲೇ ಬುರುಡೆ ಬಿಕ್ಕುವಿನ ಕಿವಿಯಲ್ಲಿ, "ರಾಣಿ ಪಾರ್ಟು ನಿಂಗೇ ಅಂತೆ ಕಣೇ! ಮಿಸ್ ನನ್ನ ಹತ್ರ ಹೇಳಿದ್ರು," ಎಂದು ಉಸುರಿದ್ದಳು. ಬಿಕ್ಕು ಅದನ್ನು ಮನೆಯಲ್ಲಿ ಹೇಳಿದಳು. ದೂರದ ಊರಿನಲ್ಲಿದ್ದ ಅವಳ ಅಜ್ಜಿಗೆ ಫೋನಿನಲ್ಲಿ ಹೇಳಿದಳು. ಅಜ್ಜಿ ಕೇರಿಗೆಲ್ಲ ಹೇಳಿ, ರೈಲಿನ ಟಿಕೆಟ್ಟನ್ನೂ ತೆಗೆಸಿಬಿಟ್ಟರು.

ಆಮೇಲೆ ಪಾರ್ಟು ಹಂಚಿದಾಗ ಬಿಕ್ಕುವಿಗೆ ಸಿಕ್ಕಿದ್ದು ಪೊದೆಯ ಪಾರ್ಟು. ಹೌದು, ಪೊದೆ! ಮಾತಿಲ್ಲ, ಕತೆಯಿಲ್ಲ, ಎಲೆ ಹೊದ್ದುಕೊಂಡು ಹಿಂದೆ ನಿಲ್ಲುವುದು. ಅಜ್ಜಿಗೆ ಅದನ್ನು ಹೇಳಲು ಬಿಕ್ಕುವಿಗೆ ಬಾಯೇ ಬರಲಿಲ್ಲ. ನಾಟಕದ ದಿನ ಅಜ್ಜಿ ಮಂಡಿನೋವು ಲೆಕ್ಕಿಸದೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಕೊನೆಯವರೆಗೂ ರಾಣಿಯ ಮುಖವನ್ನೇ ದಿಟ್ಟಿಸುತ್ತಿದ್ದರು. ಇಷ್ಟೊಂದು ಬಣ್ಣ ಬಳಿದರೆ ಮೊಮ್ಮಗಳ ಗುರುತೇ ಸಿಗುವುದಿಲ್ಲವಲ್ಲ ಎಂದು ಪಕ್ಕದವರ ಹತ್ತಿರ ಹೇಳುತ್ತಿದ್ದರಂತೆ.

ಬುರುಡೆ ಆಗಲೂ ತಪ್ಪು ಒಪ್ಪಲಿಲ್ಲ. "ಮಿಸ್ ಆಮೇಲೆ ಮನಸ್ಸು ಬದಲಾಯಿಸಿದ್ರು ಕಣೇ, ನಾನೇನು ಮಾಡ್ಲಿ?" ಎಂದು ಮೊದಲ ಸುಳ್ಳಿಗೆ ಇನ್ನೊಂದು ಸೇರಿಸಿದಳು.

"ಇನ್ಮೇಲೆ ನೀನು ಸೂರ್ಯ ಹುಟ್ಟಿದ ಅಂದ್ರೂ ನಾನು ಕಿಟಕಿ ತೆಗೆದು ನೋಡಿಯೇ ನಂಬೋದು," ಎಂದಳು ಬಿಕ್ಕು. ಅವತ್ತಿನಿಂದ ಮಾತು ಬಂದ್.

ಅದಕ್ಕೇ ಇವತ್ತು ಬೆಳಿಗ್ಗೆ ಬಸ್ಸು ಹತ್ತುವಾಗ ಬುರುಡೆ ಮನಸ್ಸಿನಲ್ಲೇ ಪಣ ತೊಟ್ಟಿದ್ದಳು. ವಾಪಸ್ ಬಂದು ಬಸ್ಸು ಇಳಿಯುವವರೆಗೆ ಒಂದೇ ಒಂದು ಸುಳ್ಳು ಹೇಳುವುದಿಲ್ಲ. ಸಾಸಿವೆಯಷ್ಟು ಸಣ್ಣದೂ ಇಲ್ಲ. ಇಡೀ ದಿನ ಹಾಗಿದ್ದರೆ ಬಿಕ್ಕು ಗಮನಿಸದೆ ಇರುತ್ತಾಳೆಯೇ? ಗಮನಿಸಿದರೆ ಮಾತಾಡದೆ ಇರುತ್ತಾಳೆಯೇ?

ಪಣ ಸುಲಭದ್ದೇನೂ ಆಗಿರಲಿಲ್ಲ. ಬಸ್ಸಿನಲ್ಲಿ ಮಿಸ್, "ಯಾರಾದ್ರೂ ಆಗ್ಲೇ ಊಟದ ಡಬ್ಬಿ ತೆಗೆದ್ರಾ?" ಎಂದು ಕೇಳಿದಾಗ ಇಡೀ ಬಸ್ಸು "ಇಲ್ಲಾ ಮಿಸ್" ಎಂದು ರಾಗ ಎಳೆಯಿತು. ಬುರುಡೆ ಒಬ್ಬಳೇ ಎದ್ದು ನಿಂತು, "ನಾನು ಅರ್ಧ ಬ್ರೆಡ್ ತಿಂದೆ ಮಿಸ್," ಎಂದಳು. ಗೈಡ್ ಅಂಕಲ್ "ಅರಮನೆ ಹೇಗಿದೆ ಮಕ್ಕಳೇ?" ಎಂದಾಗ ಎಲ್ಲರೂ "ಸೂಪರ್!" ಎಂದು ಕಿರುಚಿದರು. ಬುರುಡೆ, "ಚೆನ್ನಾಗಿದೆ ಅಂಕಲ್, ಆದ್ರೆ ಕಾಲು ನೋಯ್ತಿದೆ," ಎಂದಳು.

ಇಷ್ಟೆಲ್ಲ ಕಷ್ಟಪಟ್ಟು ಕಾಪಾಡಿಕೊಂಡು ಬಂದ ದಿನವೇ ಆ ಹಾಳು ಕಿತ್ತಳೆ ಕಣ್ಣಿಗೆ ಬೀಳಬೇಕೆ! ಯಾರೂ ನಂಬದಂಥ ನಿಜ ಇವತ್ತೇ ಎದುರಿಗೆ ಬಂದು ನಿಲ್ಲಬೇಕೆ!

ತಮಾಷೆಗೆ ಹೇಳಿದೆ ಎಂದುಬಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಅದು ಸುಳ್ಳಾಗುತ್ತದೆ. ಬುರುಡೆ ಹಲ್ಲು ಕಚ್ಚಿದಳು. ಬೇರೆ ಯಾರು ನಂಬದಿದ್ದರೂ ಹಾಳಾಗಿ ಹೋಗಲಿ, ಬಿಕ್ಕುವನ್ನು ಆ ಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿಯೇ ತೀರುವುದು ಎಂದು ನಿರ್ಧರಿಸಿದಳು.

ಗೈಡ್ ಅಂಕಲ್ ತೋಟ ತೋರಿಸುತ್ತಾ ಹೋದರು. ಮಕ್ಕಳ ತಲೆಗಿಂತ ದೊಡ್ಡ ಚಕ್ಕೋತ ಹಣ್ಣುಗಳು ಕೊಂಬೆಯನ್ನು ಜಗ್ಗಿ ನೆಲ ಮುಟ್ಟಿಸಿದ್ದವು. ಇನ್ನೊಂದು ಗಿಡದಲ್ಲಿ ಮೈಯೆಲ್ಲ ಗಂಟುಗಂಟಾದ ಮಾದಲ ಹಣ್ಣು. ತೋಟದ ತುಂಬ ಹೂವಿನ ಘಮಘಮ. "ಹಿಂದೆ ಇದ್ದ ರಾಣಿಗೆ ಈ ಗಿಡಗಳಂದ್ರೆ ಪ್ರಾಣ. ಚಳಿಗಾಳಿ ತಾಗಬಾರದು ಅಂತಾನೇ ಸುತ್ತ ಈ ಎತ್ತರದ ಗೋಡೆ ಕಟ್ಟಿಸಿದಳು. ಹಗಲು ಬಿಸಿಲಿಗೆ ಕಾದ ಗೋಡೆ ರಾತ್ರಿ ಗಿಡಗಳನ್ನ ಬೆಚ್ಚಗೆ ಇಡುತ್ತೆ," ಎಂದರು ಗೈಡ್ ಅಂಕಲ್.

ಬೇರೆ ದಿನವಾಗಿದ್ದರೆ ಬುರುಡೆ ಆ ಚಕ್ಕೋತದೊಳಗೆ ಒಬ್ಬ ರಾಜಕುಮಾರನನ್ನಾದರೂ ಕೂರಿಸಿಬಿಡುತ್ತಿದ್ದಳು. ಇವತ್ತು ಅವಳ ಮನಸ್ಸೆಲ್ಲ ಮೂಲೆ ಮರದ ಹತ್ತಿರವೇ ಇತ್ತು.

"ಮಿಸ್, ಒಂದೈದು ನಿಮಿಷ ಹೋಗಿ ಬರ್ಲಾ?"

"ಬೇಡ."

ಕಾರಂಜಿಯ ಹತ್ತಿರ ಮತ್ತೆ ಕೇಳಿದಳು. "ಮಿಸ್, ಪ್ಲೀಸ್. ಬಿಕ್ಕುಗೆ ತೋರಿಸಿ ಬಂದ್ಬಿಡ್ತೀನಿ."

"ಆಗಲ್ಲ ಅಂದ್ನಲ್ಲ! ಒಬ್ಬೊಬ್ಬರನ್ನ ಒಂದೊಂದು ಕಡೆ ಬಿಟ್ಟು ನಾನು ಯಾರನ್ನ ಅಂತ ಹುಡುಕ್ಲಿ?"

ಲಂಬು ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಟಾಯ್ಲೆಟ್ ಅಂತ ಹೇಳಿ ಹೋಗೇ ದಡ್ಡಿ. ಅದಕ್ಕೆ ಯಾರೂ ಬೇಡ ಅನ್ನಲ್ಲ."

ಒಳ್ಳೆ ಉಪಾಯವೇ. ನಿನ್ನೆಯಾಗಿದ್ದರೆ ಬುರುಡೆ ಇಷ್ಟು ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನರಳುತ್ತಾ ಓಡುತ್ತಿದ್ದಳು. ಈಗ ಅವಳು ನೇರ ಮಿಸ್ ಎದುರಿಗೆ ಹೋಗಿ ನಿಂತಳು.

"ಮಿಸ್, ನಂಗೆ ಟಾಯ್ಲೆಟ್‌ಗೆ ಹೋಗ್ಬೇಕಾಗಿಲ್ಲ. ಮರ ನೋಡೋಕೇ ಹೋಗ್ಬೇಕು."

ಮಿಸ್ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ನಗು ತಡೆಯಲಾರದೆ ನಕ್ಕುಬಿಟ್ಟರು. "ಏನು ಹಟಾನಮ್ಮ ನಿಂದು! ಸರಿ, ಕೇಳು. ಊಟಕ್ಕೆ ಕೂರೋದು ಆ ಗೋಡೆ ಮುಂದಿನ ಹುಲ್ಲಿನ ಮೇಲೇನೇ. ಊಟ ಆದ್ಮೇಲೆ ನನ್ನ ಕಣ್ಣಿಗೆ ಕಾಣೋ ಹಾಗೆ ಓಡಾಡ್ಕೊ. ಪೀಪಿ ಊದಿದ ತಕ್ಷಣ ಬಸ್ಸಿಗೆ ಬರ್ಬೇಕು. ಹಣ್ಣಿಗೆ, ಎಲೆಗೆ ಕೈ ಹಚ್ಚೋ ಹಾಗಿಲ್ಲ."

ಬುರುಡೆ ಉಳಿದ ಅರ್ಧ ಬ್ರೆಡ್ಡನ್ನು ಅಗಿಯದೆಯೇ ನುಂಗಿದಳು. ಬಿಕ್ಕು ನಾಲ್ಕು ಹುಡುಗಿಯರ ನಡುವೆ ಕೂತು ನಿಧಾನವಾಗಿ ಸೇಬು ಕಚ್ಚುತ್ತಿದ್ದಳು.

"ಬಿಕ್ಕು, ಬರ್ತೀಯಾ? ಇಲ್ಲೇ, ಆ ಮೂಲೆ ಮರ."

"ಬರಲ್ಲ."

"ಎರಡೇ ನಿಮಿಷ ಕಣೇ."

"ನಾನು ಅಲ್ಲಿವರೆಗೂ ಬಂದ್ಮೇಲೆ, 'ಅಯ್ಯೋ, ಈಗ ತಾನೇ ಹಕ್ಕಿ ಕಚ್ಕೊಂಡು ಹೋಯ್ತು' ಅಂತೀಯ. ನಂಗೆ ಗೊತ್ತಿಲ್ವಾ ನಿನ್ನ ಕತೆ?"

ಪಕ್ಕದ ಹುಡುಗಿಯರು ಕಿಸಕ್ಕೆಂದರು. ಈಗ ಅಳು ಬಂದರೆ ಆಯಿತು, ಅದನ್ನೂ ನಾಟಕ ಅನ್ನುತ್ತಾರೆ. ಬುರುಡೆ ತಟಕ್ಕನೆ ತಿರುಗಿ ನಡೆದಳು.

ಹುಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಲ್ಲುಕಾಲುವೆ ಹರಿಯುತ್ತಿತ್ತು. ಕಿತ್ತಳೆ ಸಾಲಿನಿಂದ ಬರುವ ನೀರು ಅದು. ಉದುರಿದ ಕಿತ್ತಳೆಯೊಂದು ಅದರಲ್ಲಿ ತೇಲಿಕೊಂಡು ಬಂದು ಬುರುಡೆಯ ಕಾಲ ಹತ್ತಿರವೇ ತಡೆದು ನಿಂತಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ತೊಟ್ಟಿನಲ್ಲಿ ಒಂದು ಎಲೆ ಕೂಡ ಇತ್ತು.

ಇದನ್ನು ತೆಗೆದುಕೊಂಡು ಹೋಗಿ ಬಿಕ್ಕುವಿನ ಮುಂದೆ ಹಿಡಿದರೆ ಸಾಕು. ಇಗೋ, ನಿಂಬೆ ಮರದ ಕಿತ್ತಳೆ. ಬಿಕ್ಕುವಿಗೆ ಹೇಗೆ ಗೊತ್ತಾಗುತ್ತದೆ? ಯಾರಿಗೆ ತಾನೇ ಗೊತ್ತಾಗುತ್ತದೆ? ಅಲ್ಲೂ ಕಿತ್ತಳೆ ಇರುವುದಂತೂ ನಿಜವೇ ತಾನೇ!

ಬುರುಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಬಿಕ್ಕು, "ಇದೇನಾ ಆ ಹಣ್ಣು?" ಎಂದು ಕೇಳಿದರೆ "ಹೂಂ" ಅನ್ನಬೇಕಾಗುತ್ತದೆ. ಇದು ಆ ಹಣ್ಣಲ್ಲ.

"ಛೇ!" ಎಂದು ಅವಳು ಹಣ್ಣನ್ನು ಕಾಲುವೆಗೇ ಬಿಟ್ಟಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ನಿಜ ಹೇಳುವುದಕ್ಕೆ ಇಷ್ಟೊಂದು ಒದ್ದಾಡಬೇಕಾಗುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೂಲೆ ಮರದ ಹತ್ತಿರ ಒಂದು ತಳ್ಳುಗಾಡಿ ನಿಂತಿತ್ತು. ಅದರ ತುಂಬ ಕತ್ತರಿಸಿದ ಒಣ ಕೊಂಬೆಗಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಗೆ ದಪ್ಪ ಗ್ಲೌಸು ಹಾಕಿಕೊಂಡ ಒಬ್ಬ ಹೆಂಗಸು ಗರಗಸ ಒರೆಸುತ್ತಿದ್ದಳು. ತೋಟದ ಕೆಲಸದವಳು.

"ಆಂಟಿ, ಈ ಮರದ ಹಿಂದೆ ಕಿತ್ತಳೆ ಹಣ್ಣು ಇದೆ," ಎಂದಳು ಬುರುಡೆ. ಇವಳೂ ನಗುತ್ತಾಳೆ ಎಂದುಕೊಂಡೇ ಹೇಳಿದಳು.

ತೋಟದಾಕೆ ನಗಲಿಲ್ಲ. "ಎಲ್ಲಿ? ತೋರ್ಸು ನೋಡೋಣ."

ಅಷ್ಟೇ ಮಾತು. ಬೆಳಿಗ್ಗೆಯಿಂದ ಯಾರ ಬಾಯಲ್ಲೂ ಬಾರದ ಮಾತು. ಬುರುಡೆ ಮರದ ಹಿಂದಕ್ಕೆ ನುಸುಳಿದಳು. ತೋಟದಾಕೆ ಮೈ ಅಡ್ಡ ಮಾಡಿಕೊಂಡು, ಉಸ್ಸೆನ್ನುತ್ತಾ ಹಿಂದೆಯೇ ನುಗ್ಗಿದಳು. ಇತ್ತು! ದಟ್ಟ ಎಲೆಗಳ ನಡುವೆ ಒಂದೇ ಒಂದು ಕಿತ್ತಳೆ.

"ಅಯ್ಯೋ ಶಿವನೇ!" ಎಂದು ತೋಟದಾಕೆ ಕಣ್ಣು ಬಿಟ್ಟಳು. ಆ ಕೊಂಬೆಯನ್ನು ಹಿಡಿದು ಕೈಯನ್ನು ಕೆಳಕೆಳಗೆ ಜಾರಿಸುತ್ತಾ ಹೋದಳು. ಅದು ಮೇಲಿನ ಕೊಂಬೆಗಳ ಜೊತೆ ಸೇರಿರಲಿಲ್ಲ. ಬುಡದಿಂದಲೇ ಎದ್ದು, ಗೋಡೆಯ ಮರೆಯಲ್ಲಿ ಮೇಲಕ್ಕೆ ಹತ್ತಿತ್ತು. "ನೋಡಿದ್ಯಾ ಕಳ್ಳನ್ನ! ಎಷ್ಟು ವರ್ಷದಿಂದ ನನ್ನ ಕಣ್ಣು ತಪ್ಪಿಸಿ ಬೆಳೆದಿದೆ! ಇದು ಕಸಿ ಮಾಡಿದ ಮರ ಕಣಮ್ಮ, ಅದಕ್ಕೇ ಹೀಗೆ."

"ಯಾರಿಂದ?" ಎಂದಳು ಬುರುಡೆ.

"ಯಾರಿಂದ ಅಂದ್ರೆ?"

"ಯಾರಿಂದ ಕಸಿದಿದ್ದು? ಪಕ್ಕದ ರಾಜ್ಯದ ರಾಜನಿಂದಾನಾ?"

ತೋಟದಾಕೆ ಗೋಡೆಗೆ ಒರಗಿ ನಕ್ಕಳು. ತಲೆಗೆ ಕಟ್ಟಿದ ಬಟ್ಟೆ ಜಾರಿ ಮೂಗಿನ ಮೇಲೆ ಬರುವಷ್ಟು ನಕ್ಕಳು. "ಅಯ್ಯೋ ನನ್ನ ಕಂದಾ! ಕಿತ್ಕೊಳ್ಳೋ ಕಸಿ ಅಲ್ಲ, ಕೂಡ್ಸೋ ಕಸಿ! ನೆಲದೊಳಗೆ ಇರೋ ಬೇರು ಹುಳಿ ಕಿತ್ತಳೆದು. ಅದು ಗಟ್ಟಿ ಜಾತಿ, ರೋಗ ಗೀಗ ಹತ್ತಿರ ಸೇರ್ಸಲ್ಲ. ಅದು ಸಣ್ಣ ಗಿಡ ಆಗಿದ್ದಾಗ ಕಾಂಡ ಸೀಳಿ, ಅದರೊಳಗೆ ನಿಂಬೆಯ ಚಿಗುರು ಕೂರಿಸಿ ಕಟ್ಟಿದ್ದಾರೆ. ಎರಡೂ ಬೆಸೆದು ಒಂದೇ ಮರ ಆಗಿದೆ. ಕೆಳಗಿಂದು ನೀರು ಕೊಡುತ್ತೆ, ಮೇಲಿಂದು ನಿಂಬೆ ಬಿಡುತ್ತೆ. ಆದ್ರೆ ಒಂದೊಂದ್ಸಲ ಕೆಳಗಿನ ಕಿತ್ತಳೆಗೂ ಆಸೆ ಆಗುತ್ತೆ ನೋಡು, ಸದ್ದಿಲ್ಲದೆ ತನ್ನದೂ ಒಂದು ಕೊಂಬೆ ಹೊರಡಿಸಿಬಿಡುತ್ತೆ."

"ಹಾಗಾದ್ರೆ ನಾನು ಹೇಳಿದ್ದು ನಿಜ!" ಬುರುಡೆ ಕುಣಿದಾಡಿಬಿಟ್ಟಳು.

"ನಿಜ ಅಲ್ದೆ ಮತ್ತೇನು? ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎನ್ನುತ್ತಾ ತೋಟದಾಕೆ ಗರಗಸ ಕೈಗೆತ್ತಿಕೊಂಡಳು.

ಬುರುಡೆಯ ಕುಣಿತ ಅಲ್ಲೇ ನಿಂತಿತು. "ಏನ್ ಮಾಡ್ತೀರಾ?"

"ಕತ್ತರಿಸ್ಬೇಕು. ಇದನ್ನ ಬಿಟ್ರೆ ನಿಂಬೆಗೆ ಹೋಗೋ ಅನ್ನ ಎಲ್ಲ ಇದೇ ತಿನ್ನುತ್ತೆ. ನೋಡು, ಮೇಲೆ ಆಗ್ಲೇ ಎಲೆ ಹಳದಿಯಾಗಿದೆ."

"ಬೇಡ ಆಂಟಿ! ಈಗಲೇ ಬೇಡ! ನನ್ನ ಫ್ರೆಂಡಿಗೆ ತೋರಿಸ್ಬೇಕು. ಅವಳು ನಂಬ್ತಿಲ್ಲ. ನೀವೇ ಬಂದು ಅವಳಿಗೆ ಹೇಳಿ, ಪ್ಲೀಸ್."

"ಕೆಲ್ಸ ಬಿಟ್ಟು ಬಂದ್ರೆ ಮೇಸ್ತ್ರಿ ನನ್ನನ್ನೇ ಕತ್ತರಿಸ್ತಾನೆ!" ತೋಟದಾಕೆ ಅತ್ತಿತ್ತ ನೋಡಿದಳು. ಬುರುಡೆಯ ಮುಖ ನೋಡಿ ಅವಳ ಮನಸ್ಸು ಕರಗಿರಬೇಕು. "ಆ ಕಡೆ ಇನ್ನೆರಡು ಮರ ಬಾಕಿ ಇದೆ. ಅದನ್ನ ಮುಗಿಸಿ ಬರ್ತೀನಿ. ಅಷ್ಟರೊಳಗೆ ಕರ್ಕೊಂಡು ಬಾ. ಓಡು!"

ಬುರುಡೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹುಲ್ಲಿನ ಮೇಲೆ ಬಿಕ್ಕು ಇರಲಿಲ್ಲ. ನಲ್ಲಿಯ ಹತ್ತಿರ ಒಬ್ಬಳೇ ನಿಂತು ಡಬ್ಬಿ ತೊಳೆಯುತ್ತಿದ್ದಳು.

"ಬಿಕ್ಕು, ಬೇಗ ಬಾರೇ! ಅದನ್ನ ಕತ್ತರಿಸ್ತಾರಂತೆ! ಅದು ಕಸಿ ಮರ ಅಂತೆ. ಕೆಳಗೆ ಕಿತ್ತಳೆ, ಮೇಲೆ ನಿಂಬೆ, ಎರಡೂ ಸೇರಿಸಿ ಕಟ್ಟಿದ್ದಾರಂತೆ!"

ಹೇಳುತ್ತಾ ಹೇಳುತ್ತಾ ಬುರುಡೆಗೇ ಅರ್ಥವಾಯಿತು. ತಾನು ಇದುವರೆಗೆ ಬಿಟ್ಟ ಬುರುಡೆಗಳಲ್ಲಿ ಯಾವುದೂ ಇಷ್ಟು ಬುರುಡೆಯ ಹಾಗೆ ಕೇಳಿಸಿರಲಿಲ್ಲ. ಬಿಕ್ಕುವಿನ ಹುಬ್ಬು ಏರಿತು.

"ಆಹಾ! ಕೆಳಗೆ ಕಿತ್ತಳೆ, ಮೇಲೆ ನಿಂಬೆ. ನಡುವೆ ಏನು, ದ್ರಾಕ್ಷಿನಾ?"

ಬುರುಡೆ ಏದುಸಿರು ಬಿಡುತ್ತಾ ನಿಂತಳು. ದೇವರಾಣೆ ಎನ್ನಬಹುದಿತ್ತು. ಅಮ್ಮನಾಣೆ ಎನ್ನಬಹುದಿತ್ತು. ಅಂಥ ಆಣೆಗಳನ್ನು ಅವಳು ಬೇಕಾದಷ್ಟು ಹಾಕಿಯಾಗಿತ್ತು. ಬಿಕ್ಕುವಿಗೆ ಅವೆಲ್ಲ ಚೆನ್ನಾಗಿ ಗೊತ್ತಿತ್ತು.

"ಮಿಸ್ ಮನಸ್ಸು ಬದಲಾಯಿಸ್ಲಿಲ್ಲ," ಎಂದಳು ಬುರುಡೆ.

"ಏನು?"

"ರಾಣಿ ಪಾರ್ಟು. ಅದು ನಿಂಗೆ ಅಂತ ಮಿಸ್ ಹೇಳಿರ್ಲೇ ಇಲ್ಲ. ನಾನೇ ಕಟ್ಟಿ ಹೇಳ್ದೆ. ಆಮೇಲೆ ಹೇಳಿದ್ದೂ ಸುಳ್ಳು. ನಿಮ್ಮಜ್ಜಿ ಅಷ್ಟು ದೂರದಿಂದ ಬಂದಿದ್ದು ನನ್ನಿಂದಾನೇ. ತಪ್ಪಾಯ್ತು ಕಣೇ." ಅವಳ ಕಣ್ಣಿಂದ ನೀರು ಇಳಿದೇಬಿಟ್ಟಿತು. ಅದನ್ನು ಅವಳು ತೋಳಿನಿಂದ ಒರಟಾಗಿ ಒರೆಸಿಕೊಂಡಳು.

ನಲ್ಲಿಯ ನೀರು ಡಬ್ಬಿ ತುಂಬಿ ಹೊರಗೆ ಸುರಿಯುತ್ತಿತ್ತು.

"ಈಗ ನನ್ನನ್ನ ನಂಬು ಅಂತ ಹೇಳಲ್ಲ," ಎಂದಳು ಬುರುಡೆ. "ನಂಬಬೇಡ. ಸುಮ್ಮನೆ ನಡ್ಕೊಂಡು ಬಾ ಅಷ್ಟೇ. ನಂಬದೇ ಇದ್ರೂ ನಡೀಬಹುದಲ್ಲ?"

ಬಿಕ್ಕು ನಲ್ಲಿ ನಿಲ್ಲಿಸಿದಳು. ಡಬ್ಬಿ ಕೊಡವಿದಳು. ಮುಚ್ಚಳ ಹಾಕಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲವೆಂದು ತೆಗೆದು ಮತ್ತೆ ಹಾಕಿದಳು. ಬುರುಡೆಗೆ ಅವಳನ್ನು ಎತ್ತಿಕೊಂಡೇ ಓಡಬೇಕು ಎನಿಸುತ್ತಿತ್ತು.

"ನಡಿ," ಎಂದಳು ಬಿಕ್ಕು.

ಮೂಲೆ ಮರದ ಹತ್ತಿರ ತಳ್ಳುಗಾಡಿ ಇರಲಿಲ್ಲ. ತೋಟದಾಕೆಯೂ ಇರಲಿಲ್ಲ. ಎದುರಿನ ಹಾದಿಯಲ್ಲಿ ಮೇಸ್ತ್ರಿ ನಿಂತು, "ಬೇಗ ಬೇಗ, ಈ ಸಾಲು ಮುಗೀತಲ್ಲ, ಆ ಗೇಟಿನ ಕಡೆ ಹೋಗಿ," ಎಂದು ಯಾರನ್ನೋ ಗದರಿಸುತ್ತಿದ್ದ.

ಬುರುಡೆ ಓಡಿದಳು. ಮರದ ಹಿಂದಕ್ಕೆ ನುಸುಳಿ ತಲೆಯೆತ್ತಿದಳು. ಬರೀ ನಿಂಬೆ. ಎಲೆಗಳ ನಡುವೆ ಬೆಳಿಗ್ಗೆ ಇರದಿದ್ದ ಒಂದು ದೊಡ್ಡ ತೂತು, ಅದರಾಚೆ ಬೋಳು ಗೋಡೆ. ಕೆಳಗೆ ಬುಡದಲ್ಲಿ ಬೆಳ್ಳಗೆ, ಗುಂಡಗೆ, ಗರಗಸ ಹರಿದ ಗುರುತು. ನೆಲದ ಮೇಲೆ ಹಿಡಿಯಷ್ಟು ಮರದ ಪುಡಿ. ಒಂದು ಎಲೆಯನ್ನೂ ಬಿಡದೆ ಗುಡಿಸಿಕೊಂಡು ಹೋಗಿದ್ದರು.

ಬಿಕ್ಕುವೂ ಹಿಂದೆಯೇ ನುಸುಳಿ ಬಂದಳು. ಮೇಲೆ ನೋಡಿದಳು. ಆಮೇಲೆ ಬುರುಡೆಯನ್ನು ನೋಡಿದಳು.

ಹೇಳುವುದಕ್ಕೆ ಬುರುಡೆಯ ನಾಲಿಗೆಯ ತುದಿಯಲ್ಲಿ ಎಷ್ಟೆಲ್ಲ ಬಂತು! ಕೊಂಬೆಯ ತುಂಬ ಹಣ್ಣಿತ್ತು ಕಣೇ! ಚಿನ್ನದ ಹಾಗೆ ಹೊಳೀತಿತ್ತು! ಇಡೀ ಮರ ಬೆಳಗ್ತಿತ್ತು! ಹಾಗೆ ಹೇಳುವುದು ಅವಳಿಗೆ ಉಸಿರಾಡುವಷ್ಟೇ ಸಲೀಸು. ಅವಳು ಎಲ್ಲವನ್ನೂ ಗುಳಕ್ಕನೆ ನುಂಗಿಕೊಂಡಳು.

"ಇಲ್ಲಿತ್ತು," ಎಂದಳು. "ಈಗಿಲ್ಲ. ಕತ್ತರಿಸಿಬಿಟ್ಟಿದ್ದಾರೆ."

"ಎಷ್ಟು ಹಣ್ಣಿತ್ತು?" ಎಂದು ಬಿಕ್ಕು ಕೇಳಿದಳು. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ಮಿಸ್ ದನಿಯಲ್ಲಿ.

"ಒಂದು."

"ಒಂದೇನಾ?"

"ಒಂದೇ."

"ತುಂಬ ದೊಡ್ಡದಾ?"

"ಇಲ್ಲ. ಇಷ್ಟೇ." ಬುರುಡೆ ಮುಷ್ಟಿ ತೋರಿಸಿದಳು. "ಸಿಪ್ಪೆ ಒರಟು ಒರಟಾಗಿತ್ತು. ಒಂದು ಕಡೆ ಹುಳ ಕೊರೆದ ಹಾಗಿತ್ತು. ಅಷ್ಟೇನೂ ಚೆನ್ನಾಗಿರ್ಲಿಲ್ಲ."

ಬಿಕ್ಕು ಅವಳನ್ನೇ ನೋಡುತ್ತಾ ನಿಂತಳು. ನೋಡುತ್ತಾ ನೋಡುತ್ತಾ ಅವಳ ತುಟಿಯ ಕೊನೆ ಸ್ವಲ್ಪವೇ ಸ್ವಲ್ಪ ಮೇಲೆದ್ದಿತು.

"ಬುರುಡೆ ಆಗಿದ್ದಿದ್ರೆ ನೀನು ಒಂದಕ್ಕೆ ನಿಲ್ಲಿಸ್ತಿದ್ಯಾ? ಹುಳ ಬೇರೆ ಬಿಡ್ತಿದ್ಯಾ ಅದಕ್ಕೆ?" ಎಂದಳು. "ಇತ್ತು ಬಿಡು."

"ಏನು?"

"ಇತ್ತು ಅಂದೆ. ಕಿತ್ತಳೆ." ಬಿಕ್ಕು ಮಂಡಿಯೂರಿ ಕೂತು, ಬುಡದ ಆ ಬಿಳಿ ಗುರುತಿನ ಹತ್ತಿರ ಮೂಗು ಒಯ್ದಳು. "ಕತ್ತರಿಸಿದ ಜಾಗ ಒಳ್ಳೆ ವಾಸನೆ ಬರ್ತಿದೆ ಕಣೇ."

ಮಾತಿಗೆ ಬರವೇ ಇಲ್ಲದ ಬುರುಡೆ ಬಾಯಿ ಬಿಟ್ಟುಕೊಂಡು ನಿಂತಳು. ಎದೆಯ ಮೇಲೆ ಕೂತಿದ್ದ ಏನೋ ಭಾರವಾದದ್ದು ಎದ್ದು ಹೋದ ಹಾಗಿತ್ತು.

ಆಗಲೇ ಎಲೆಗಳ ಸಂದಿಯಲ್ಲಿ ಅವಳಿಗೆ ತಳ್ಳುಗಾಡಿ ಕಾಣಿಸಿತು. ಹುಲ್ಲಿನಾಚೆಯ ಹಾದಿಯಲ್ಲಿ ತೋಟದಾಕೆ ಅದನ್ನು ಗೇಟಿನ ಕಡೆ ತಳ್ಳಿಕೊಂಡು ಹೋಗುತ್ತಿದ್ದಳು. ಕೊಂಬೆಗಳ ರಾಶಿಯ ಮೇಲೆ ಕಿತ್ತಳೆ ಹಣ್ಣು ಒಂದು ಪುಟ್ಟ ಚೆಂಡಿನ ಹಾಗೆ ಅಲ್ಲಾಡುತ್ತಿತ್ತು. ಬುರುಡೆಯನ್ನು ಕಂಡು ತೋಟದಾಕೆ ಗಾಡಿ ನಿಲ್ಲಿಸಿದಳು. ಮೇಸ್ತ್ರಿಯ ಕಡೆ ಬೆರಳು ಮಾಡಿ, ನಾನೇನು ಮಾಡಲಿ ಎಂಬಂತೆ ಮುಖ ಸಪ್ಪಗೆ ಮಾಡಿದಳು. ಆಮೇಲೆ ಏನೋ ಹೊಳೆದವಳಂತೆ ಆ ಕೊಂಬೆಯನ್ನು ಎಳೆದು, ಹಣ್ಣಿನ ಸಮೇತ ಎತ್ತರಕ್ಕೆ ಹಿಡಿದಳು. ತೋರಿಸಲಾ ಎಂದು ಹುಬ್ಬಿನಲ್ಲೇ ಕೇಳಿದಳು.

ಬುರುಡೆಯ ಕೈ ಎದ್ದೇಬಿಟ್ಟಿತು. "ಅಗೋ" ಎಂಬ ಮಾತು ಹಲ್ಲಿನವರೆಗೆ ಬಂದಿತ್ತು.

ಬಿಕ್ಕು ಇನ್ನೂ ಆ ಕಡೆಗೆ ಬೆನ್ನು ಹಾಕಿ, ಮರದ ಪುಡಿಯನ್ನು ಬೆರಳಿನಲ್ಲಿ ಕೆದಕುತ್ತಾ ಕೂತಿದ್ದಳು. ಏನನ್ನೂ ನೋಡದೆ, ಇತ್ತು ಬಿಡು ಎಂದು ಹೇಳಿ ಕೂತಿದ್ದಳು.

ಬುರುಡೆ ಕೈ ಇಳಿಸಿದಳು. ತೋಟದಾಕೆಯ ಕಡೆ ನೋಡಿ, ಬೇಡ ಎಂದು ಮೆಲ್ಲಗೆ ತಲೆಯಾಡಿಸಿದಳು. ತೋಟದಾಕೆಗೆ ಏನೂ ಅರ್ಥವಾಗಲಿಲ್ಲ. ಭುಜ ಕುಣಿಸಿ, ಕೊಂಬೆಯನ್ನು ಗಾಡಿಗೆ ಹಾಕಿ, ಮತ್ತೆ ತಳ್ಳತೊಡಗಿದಳು.

ಮಿಸ್ ಪೀಪಿ ಊದಿದರು.

"ಯಾರಿಗೇ ಹಾಗೆ ತಲೆ ಆಡಿಸ್ತಿದೀಯ?" ಎಂದು ಬಿಕ್ಕು ಎದ್ದು ನಿಂತಳು.

"ತೋಟದ ಆಂಟಿಗೆ."

"ಯಾಕೆ?"

"ಬಸ್ಸಲ್ಲಿ ಹೇಳ್ತೀನಿ. ನನ್ನ ಪಕ್ಕ ಕೂರ್ತೀಯಾ?"

ಗಾಡಿಯ ಚಕ್ರ ಹಾದಿಯ ಕಲ್ಲಿನ ಮೇಲೆ ಕಿರ್‌ ಕಿರ್ ಎನ್ನುವುದು ಇನ್ನೂ ಇಬ್ಬರಿಗೂ ಕೇಳಿಸುತ್ತಿತ್ತು.

ಬಿಕ್ಕು ತಿರುಗಿ ನೋಡಲಿಲ್ಲ. "ಸರಿ," ಎಂದಳು.